ಅಡ್ಡ ಬಂದ ಟೊಂಗೆ

ಮತ್ತೆ ಅದೇ ಟೊಂಗೆ ಅಡ್ಡ ಬಂತು. ಮುಜಾಫರ ಕ್ಯಾಮೆರಾದಿಂದ ಕಣ್ಣು ತೆಗೆದು, ನೆಲಕ್ಕೂರಿದ್ದ ಮೊಣಕಾಲನ್ನು ನೋವಿನಿಂದ ಬದಲಿಸಿದ. ಹಳ್ಳದ ಮೇಲೆ ಬಾಗಿದ ಸಣ್ಣ ಮರದ ಕವಲಿನಲ್ಲಿ ಚಹದ ಬಟ್ಟಲಿನಷ್ಟು ಗೂಡು. ಅದರೊಳಗೆ ರಾಜಹಕ್ಕಿಯ ಎರಡು ಮರಿ, ಮೈಮೇಲೆ ಇನ್ನೂ ಸರಿಯಾಗಿ ಪುಕ್ಕ ಮೂಡಿರಲಿಲ್ಲ. ಗಂಡುಹಕ್ಕಿ ಬಿಳಿ ರಿಬ್ಬನ್ನಿನಂಥ ಬಾಲ ಎಳೆದುಕೊಂಡು ಬಂದು ಹುಳು ಕೊಡುವ ಗಳಿಗೆಯಲ್ಲೇ ಗಾಳಿ ಬೀಸಿ, ಎಲೆಗಳು ಅದರ ಮುಖವನ್ನು ಮುಚ್ಚಿಬಿಡುತ್ತಿದ್ದವು.

“ಮುರದ ಒಗೀರಿ ಮುಜಾಫರಭಾಯ್. ಕಾಡಿನ್ಯಾಗ ಟೊಂಗಿಗೇನ್ ಬರ?” ಎಂದ ಬಸವಪ್ರಭು. ತಾರಿಹಾಳದಲ್ಲಿ ಅವನದೊಂದು ಸಣ್ಣ ಕಾರ್ಖಾನೆ. ಇಬ್ಬರನ್ನೂ ನಸುಕಿನಲ್ಲಿ ಕಲಘಟಗಿಯಾಚೆಯ ಈ ಕಾಡಿಗೆ ತಂದ ಕಾರೂ ಅವನದೇ, ಕೂಸಿನಷ್ಟು ಭಾರದ ಲೆನ್ಸೂ ಅವನದೇ. ತಾಳ್ಮೆಯೊಂದು ಮಾತ್ರ ಅವನ ಕಡೆ ಇರಲಿಲ್ಲ.

“ಮುರಿಯೂದು ಬ್ಯಾಡ್ರಿ ಅಣ್ಣಾರ. ಮರಿಗೆ ನೆರಳು ಅದರದ ಐತಿ. ಸ್ವಲ್ಪ ಹಿಂದ ಸರಸ್ತೇನಿ, ಅಷ್ಟ.”

ಬ್ಯಾಗಿನಿಂದ ಬಟ್ಟೆ ಒಣಗಿಸುವ ಕ್ಲಿಪ್ಪು ತೆಗೆದು, ಕಡ್ಡಿಯಂಥ ಆ ಟೊಂಗೆಯನ್ನು ಮೆಲ್ಲಗೆ ಬಾಗಿಸಿ ಹಿಂದಿನ ರೆಂಬೆಗೆ ಕಚ್ಚಿಸಿದ. ಗೂಡು ಬಯಲಾಯಿತು. ಎಳೆಬಿಸಿಲು ಮರಿಗಳ ಮೇಲೆ ಬಿದ್ದು, ನೋಡಲು ಬಹಳ ಚೆಂದ ಕಂಡಿತು.

ಆ ಕ್ಲಿಪ್ಪುಗಳು ಅವನ ಕಸುಬಿನವು. ದೇಶಪಾಂಡೆ ನಗರದಲ್ಲಿ ಅವನ ಸ್ಟುಡಿಯೋ. ಮದುವೆ ಫೋಟೋ ತೆಗೆದು ತೆಗೆದು ತಲೆಗೂದಲು ಬೆಳ್ಳಗಾಗಿತ್ತು. ವರನ ಕೋಟು ಸಡಿಲಿದ್ದರೆ ಬೆನ್ನಿಗೊಂದು ಕ್ಲಿಪ್ಪು ಹಾಕಿದರೆ ಆಯಿತು. ವಧುವಿನ ಸೆರಗು ನಿಲ್ಲದಿದ್ದರೆ ಪಕ್ಕದಲ್ಲಿದ್ದ ಹೆಣ್ಣುಮಗಳ ಕೈಗೊಂದು ಕ್ಲಿಪ್ಪು ಕೊಡುತ್ತಿದ್ದ. ಮುಂದಿನಿಂದ ನೋಡಿದವರಿಗೆ ಎಲ್ಲವೂ ಅಚ್ಚುಕಟ್ಟು. ಹಾಕಿಸುವುದಷ್ಟೇ ಅವನ ಪಾಲಿನ ಕೆಲಸ. ಬಟ್ಟೆ ಬದಲಿಸುವಾಗ ಮನೆಯ ಹೆಣ್ಣುಮಕ್ಕಳು ತಾವೇ ತೆಗೆದು, ಊಟದ ಹೊತ್ತಿಗೆ ಯಾರಾದರೊಬ್ಬರು ತಂದು ಅವನ ಕೈಗೆ ಸುರಿಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ತಾನಾಗಿ ಒಂದು ಕ್ಲಿಪ್ಪನ್ನೂ ತೆಗೆದ ರೂಢಿ ಅವನಿಗಿರಲಿಲ್ಲ.

‘ಕತ್ತು ಎತ್ತಿ, ಸ್ವಲ್ಪ ನಗ್ರಿ, ಕೈ ಹಿಡೀರಿ’ ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ತನ್ನ ಮಾತು ಕೇಳಿ ಯಾರೂ ನಿಲ್ಲದ ಒಂದೇ ಒಂದು ಫೋಟೋ ತೆಗೆಯಬೇಕು ಎಂಬ ಹುಚ್ಚಿಗೆ ಮಾಗೋಡು, ಸಾತೊಡ್ಡಿ, ದಾಂಡೇಲಿ ಎಂದು ಬಿಡುವಾದಾಗಲೆಲ್ಲ ತಿರುಗಿದ್ದ. ಜಲಪಾತಗಳೇನೋ ಚೆನ್ನಾಗಿಯೇ ಬಂದಿದ್ದವು. ಹೆಂಡತಿ ನಿಶಾತ ನೋಡಿ, “ಛಲೋ ಅದಾವು, ಕ್ಯಾಲೆಂಡರ್ ಇದ್ದಂಗ” ಎಂದಿದ್ದಳು. ಆ ಮಾತು ಅವನಿಗೆ ಇವತ್ತಿಗೂ ಚುಚ್ಚುತ್ತಿತ್ತು.

ಗಂಡುಹಕ್ಕಿ ಬಂತು. ಮರಿಗಳೆರಡೂ ಕೊರಳು ಚಾಚಿ ಬಾಯಿ ತೆರೆದವು. ಮುಜಾಫರನ ಕ್ಯಾಮೆರಾ ಪಟಪಟನೆ ಬಡಿದುಕೊಂಡಿತು. ಹಿಂದಿನ ಪರದೆಯಲ್ಲಿ ಹಿಗ್ಗಿಸಿ ನೋಡಿದ. ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಸಹ ಮೂಡಿತ್ತು.

ಅಷ್ಟರಲ್ಲಿ ಫೋನು ಬಂತು. ಹತ್ತಿ ವ್ಯಾಪಾರಿ ಕುಬೇರಪ್ಪ, ಅವತ್ತು ಮಗಳು ಆರತಿಯ ಮದುವೆ ಇಟ್ಟುಕೊಂಡವನು. “ಎಲ್ಲಿದೀರಿ? ಸುರಗಿ ನೀರು ಹಾಕೂದು ಮುಗೀತು. ನಿಮ್ಮ ಸ್ಟುಡಿಯೋದ ಹುಡುಗ ಶಾಕೀರ ಒಬ್ಬನ ಅದಾನ ಇಲ್ಲೆ.” ಇಬ್ಬರೂ ಸ್ಟ್ಯಾಂಡು ಮಡಚಿಕೊಂಡು ಕಾರಿನ ಕಡೆ ಓಡಿದರು. ದಾರಿಯುದ್ದಕ್ಕೂ ಮುಜಾಫರ ಆ ಫೋಟೋವನ್ನೇ ನೋಡುತ್ತಾ ಕುಳಿತಿದ್ದ.

ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇ ತಿಂಗಳ ಸೆಕೆಗೆ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಆದರೂ ಮುಜಾಫರನಿಗೆ ಅವತ್ತು ದಣಿವು ತಿಳಿಯಲಿಲ್ಲ. ಅಕ್ಷತೆ ಬಿತ್ತು. ವಧುವರರು ಬಟ್ಟೆ ಬದಲಿಸಿ ಬಂದು, ಮತ್ತೆ ವೇದಿಕೆಯ ಮೇಲೆ ಕುಳಿತರು. ಕುಬೇರಪ್ಪನ ತಂಗಿ ಚನ್ನಬಸವ್ವ ಮುಷ್ಟಿ ಮುಂದೆ ಮಾಡಿಕೊಂಡು ಬಂದಳು.

“ಫೋಟೋದಣ್ಣಾರ, ನಿಮ್ಮ ಕ್ಲಿಪ್ಪು ತಗೋರಿ. ಆಮ್ಯಾಲ ನಮ್ಮನಿ ಮಂದಿ ಇಟಗೊಂಡ್ರು ಅಂದೀರಿ.”

ನಗುತ್ತಲೇ ಕೈ ಚಾಚಿದ ಮುಜಾಫರನ ಮುಖ ಒಮ್ಮೆಲೇ ಬಿಳಿಚಿಕೊಂಡಿತು.

“ಯಾಕ್ರಿ, ಕಡಿಮಿ ಅದಾವೇನು?”

“ಇಲ್ರಿ ಅಕ್ಕಾರ. ಬರೋಬ್ಬರಿ ಅದಾವು” ಎಂದ. ಕಿಟಕಿಯ ಹೊರಗೆ ಬಿಸಿಲು ಕಣ್ಣು ಬಿಡಲಾಗದಷ್ಟು ಸುಡುತ್ತಿತ್ತು.

ಮಂಟಪದ ಮೂಲೆಗೆ ಹೋಗಿ ಬಸವಪ್ರಭುವಿಗೆ ಫೋನು ಹಚ್ಚಿದ. “ಅಣ್ಣಾರ, ಟೊಂಗಿ ಹಂಗ ಬಿಟ್ಟ ಬಂದೇವ್ರಿ. ಕ್ಲಿಪ್ಪು ತಗದಿಲ್ಲ. ಬಿಸಲು ನೇರ ಗೂಡಿಗೆ ಬೀಳತಿರತದ. ಕಾರ್ ತಗೊಂಡು ಒಮ್ಮಿ ಹೋಗಿ ಬರತೀರೇನ್ರಿ?”

ಆ ಕಡೆ ಮಶೀನಿನ ಸದ್ದು. “ಕಾರ್ಖಾನ್ಯಾಗ ಪಾರ್ಟಿ ಬಂದ ಕುಂತಾರ್ರಿ, ನಂಗ ಆಗಂಗಿಲ್ಲ. ಅವು ಕಾಡಿನ ಹಕ್ಕಿ, ಏನೂ ಆಗಂಗಿಲ್ಲ ಬಿಡ್ರಿ. ನಾಳೆ ಮುಂಜಾನಿ ಹೋಗೂಣು. ಮತ್ತ ನೀವು ಕಾರಿನ್ಯಾಗ ಕಳಿಸಿದ ಫೋಟೋ ನಮ್ಮ ಹಕ್ಕಿ ಗ್ರೂಪಿಗೆ ಹಾಕೇನಿ, ನೋಡಿದ್ರೇನು? ಮಂದಿ ಹುಚ್ಚ ಆಗ್ಯಾರ.”

ಮುಜಾಫರ ನೇರವಾಗಿ ಕುಬೇರಪ್ಪನ ಬಳಿ ಹೋದ. “ಸಾವ್ಕಾರ್ರ, ಒಂದ ಅರ್ಜೆಂಟ್ ಕೆಲಸ ಐತ್ರಿ. ಉಳಿದದ್ದು ಶಾಕೀರ ತೆಗೀತಾನ.”

“ಯಾಕ್ರಿ? ಮನ್ಯಾಗ ಯಾರಿಗರೆ ಆರಾಮಿಲ್ಲೇನು?” ಕುಬೇರಪ್ಪನಿಗೆ ಖರೇನೇ ಗಾಬರಿಯಾಗಿತ್ತು.

ಹೌದು ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಹಕ್ಕಿಮರಿಗೆ ಬಿಸಿಲು ತಾಗುತ್ತಿದೆ ಎಂದು ನಿಜ ಹೇಳಿದ್ದರೆ ಬೀಗರೆಲ್ಲ ನಗುತ್ತಿದ್ದರು, ಅಷ್ಟೇ ತಾನೆ. ಮುಜಾಫರನಿಂದ ಎರಡೂ ಆಗಲಿಲ್ಲ. “ಹಂಗೇನಿಲ್ರಿ” ಎಂದುಬಿಟ್ಟ.

“ಹಂಗಾರ ನಿಲ್ರಿ ಮತ್ತ. ನನ್ನ ಮದುವಿ ಫೋಟೋ ತಗದಾವ್ರು ನೀವ. ಮಗಳದೂ ನಿಮ್ಮ ಕೈಲೇನ ಆಗಲಿ. ಶಿರಗುಪ್ಪಿ ಬೀಗರ ಮಂದಿದು ಇದೊಂದ ಪಾಳಿ ಮುಗಸ್ರಿ, ಆಮ್ಯಾಲ ಹೋಗಾಕಂತ್ರಿ.”

ಅವನು ನಿಂತ. ಶಿರಗುಪ್ಪಿಯ ಮಂದಿ ಬಸ್ಸು ಮಾಡಿಕೊಂಡು ಬಂದಿದ್ದರು. ಅಜ್ಜಿಯರನ್ನು ಮೆಟ್ಟಿಲು ಹತ್ತಿಸಬೇಕು, ಅಳುವ ಕೂಸುಗಳನ್ನು ಸುಮ್ಮನಾಗಿಸಬೇಕು, ಊಟಕ್ಕೆ ಕುಳಿತವರನ್ನು ಕೂಗಿ ಕರೆಸಬೇಕು. ಪಾಳಿ ಕರಗಲೊಲ್ಲದು. “ಸ್ವಲ್ಪ ನಗ್ರಿ” ಎನ್ನುತ್ತಿದ್ದ ತನ್ನ ದನಿ ಅವನಿಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಕಿಸೆಯೊಳಗೆ ಫೋನು ಮೇಲಿಂದ ಮೇಲೆ ಗುಂಯ್‌ಗುಟ್ಟಿತು. ಗ್ರೂಪಿನವರು ಹೊಗಳುತ್ತಿದ್ದರು. ಅವನು ತೆಗೆದು ನೋಡಲಿಲ್ಲ.

ಪಾಳಿ ಮುಗಿದದ್ದೇ ಊಟವನ್ನೂ ಮಾಡದೆ ಶಾಕೀರನ ಬೈಕು ತೆಗೆದುಕೊಂಡು ಹೊರಟ. ಟಾರು ರಸ್ತೆಯ ಝಳ ಮುಖಕ್ಕೆ ರಾಚುತ್ತಿತ್ತು. ಕಲಘಟಗಿ ದಾಟುವವರೆಗೂ ಒಂದೇ ಸಮಾಧಾನ ಹೇಳಿಕೊಂಡ: ತಾಯಿಹಕ್ಕಿ ಇದೆಯಲ್ಲ, ರೆಕ್ಕೆ ಅಗಲಿಸಿ ನೆರಳು ಮಾಡಿ ಕುಳಿತಿರುತ್ತದೆ. ಹೇಳಿಕೊಂಡಷ್ಟೂ ಬೈಕಿನ ವೇಗ ಹೆಚ್ಚುತ್ತಿತ್ತು.

ಹಳ್ಳಕ್ಕಿಳಿದಾಗ ಬಿಸಿಲು ಇನ್ನೂ ಗೂಡಿನ ಮೇಲೇ ಇತ್ತು. ಕ್ಲಿಪ್ಪು ತೆಗೆದ. ಟೊಂಗೆ ತನ್ನ ಜಾಗಕ್ಕೆ ಮರಳಿತು, ಗೂಡಿಗೆ ನೆರಳಾಯಿತು. ಮರಿಗಳೆರಡೂ ಗೂಡಿನ ಅಂಚಿಗೆ ಕೊರಳು ಜೋಲುಬಿಟ್ಟಿದ್ದವು. ಅವನಿಗೆ ತಿಳಿಯಿತು. ತಿಳಿದರೂ ಹಳ್ಳದ ನೀರಿನಲ್ಲಿ ಬೆರಳು ಅದ್ದಿಕೊಂಡು ಬಂದು ಒಂದರ ಕೊಕ್ಕಿಗೆ ಹಚ್ಚಿದ, ಇನ್ನೊಂದರ ಕೊಕ್ಕಿಗೂ ಹಚ್ಚಿದ. ಹನಿ ಇಳಿದು ಕೆಳಗೆ ಬಿತ್ತು.

ಅಲ್ಲೇ ಕಲ್ಲಿನ ಮೇಲೆ ಕುಳಿತ. ಅಳು ಬಂತು. ಐವತ್ತು ದಾಟಿದವನು ಎರಡು ಹಕ್ಕಿಮರಿಗೆ ಅಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಮದುವೆಮನೆಯಿಂದ ಮತ್ತೆ ಫೋನು ಬಂದಾಗ ಸದ್ದು ಅಡಗಿಸಿದ. ಹಕ್ಕಿ ಬೆದರೀತೆಂದು ಆಮೇಲೆ ಅಲುಗಾಡಲಿಲ್ಲ.

ಗಂಡುಹಕ್ಕಿ ಬಂತು. ಕೊಕ್ಕಿನಲ್ಲಿ ದೊಡ್ಡದೊಂದು ಏರೋಪ್ಲೇನ್ ಚಿಟ್ಟೆ ಇತ್ತು. ಗೂಡಿನ ಅಂಚಿಗೆ ಕುಳಿತು ಅದನ್ನು ಒಂದು ಮರಿಯ ಕೊಕ್ಕಿಗೆ ತಾಗಿಸಿತು, ಕಾಯಿತು. ಇನ್ನೊಂದಕ್ಕೆ ತಾಗಿಸಿತು, ಕಾಯಿತು. ತಲೆ ವಾರೆ ಮಾಡಿ ಎರಡನ್ನೂ ನೋಡಿ, ಚಿಟ್ಟೆಯನ್ನು ಕಚ್ಚಿಕೊಂಡೇ ಹಾರಿಹೋಯಿತು.

ತುಸು ಹೊತ್ತಿಗೆ ತಿರುಗಿ ಬಂತು. ಈ ಸಲ ಮರಿಗಳ ಬಾಯಿಗೆ ಹಿಡಿಸುವಂಥ ಸಣ್ಣದೊಂದು ಹುಳು ತಂದಿತ್ತು.