ಆರು ರೆಕ್ಕೆ ಹೊತ್ತ ದೂರು

ನಾನೊಂದು ಫ್ಯಾನು. ಫ್ಯಾನು ಅಂದ ಕೂಡಲೇ ನೀವು ತಲೆಯೆತ್ತಿ ಚಾವಣಿ ನೋಡುತ್ತೀರಿ, ಅದು ನನಗೆ ಗೊತ್ತು. ನಾನು ಆ ಜಾತಿಯವನಲ್ಲ. ಮಲಗಿದವರ ಮೇಲೆ ತಣ್ಣಗೆ ಬೀಸಿ ಹೊಗಳಿಸಿಕೊಳ್ಳುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಜೀಪಿನ ಬಾನೆಟ್ಟಿನೊಳಗೆ, ರೇಡಿಯೇಟರಿಗೂ ಇಂಜಿನ್ನಿಗೂ ನಡುವೆ ಗೇಣು ಜಾಗದಲ್ಲಿ, ಮೈಗೆಲ್ಲ ಮಸಿ ಮೆತ್ತಿಕೊಂಡು ತಿರುಗುವುದು ನನ್ನ ಕೆಲಸ. ಅದನ್ನು ಸರಿಯಾಗಿ ಮಾಡಿದ ದಿನ ನನ್ನ ನೆನಪು ಯಾರಿಗೂ ಬರುವುದಿಲ್ಲ. ಜೀಪು ಕಾದು ನಿಂತ ದಿನ ಮೊದಲ ಬೈಗುಳ ಮಾತ್ರ ನನಗೇ ಬೀಳುತ್ತದೆ.

ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ. ಉಕ್ಕಿನ ತಗಡನ್ನು ಪ್ರೆಸ್ಸಿನ ಕೆಳಗಿಟ್ಟು ಒಂದೇಟು ಹೊಡೆದರು, ರೆಕ್ಕೆಯಾಯಿತು. ಇನ್ನೊಂದೇಟಿಗೆ ರೆಕ್ಕೆ ಓರೆಯಾಯಿತು. ಆ ಓರೆಯೇ ನನ್ನ ವಿದ್ಯೆ, ಗಾಳಿಯನ್ನು ಹಿಡಿದು ಎಳೆಯುವುದು ಅದೇ. ಅಂಥ ಆರು ರೆಕ್ಕೆಗಳನ್ನು ನಡುವಿನ ಬಿಲ್ಲೆಗೆ ರಿವೆಟ್ ಹೊಡೆದು ಕೂರಿಸಿದರು. ಕೊನೆಗೆ ಒಬ್ಬ ಹೆಂಗಸು ನನ್ನನ್ನು ಮೊಳೆಗೆ ಸಿಕ್ಕಿಸಿ ತಿರುಗಿಸಿದಳು. ಭಾರ ಹೆಚ್ಚಿದ್ದ ಕಡೆ ಅರದಿಂದ ಚೂರು ಉಜ್ಜಿ, ಮತ್ತೆ ತಿರುಗಿಸಿ, "ಹ್ಞೂಂ, ಇದು ನೆಟ್ಟಗೈತೆ" ಅಂದಳು. ಬದುಕಿನಲ್ಲಿ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ ಎಂದು ಬಹಳ ವರ್ಷ ಅಂದುಕೊಂಡಿದ್ದೆ.

ಮೊದಲು ನನ್ನನ್ನು ಕಟ್ಟಿಕೊಂಡದ್ದು ಕನಕಪುರದ ಕಡೆಯ ಒಂದು ಕಲ್ಲು ಕ್ವಾರಿಯ ಜೀಪು. ಅಲ್ಲಿ ಒಂಬತ್ತು ವರ್ಷ ಇದ್ದೆ. ಧೂಳು ಬಹಳ, ಆದರೂ ಅದು ನನ್ನ ಒಳ್ಳೆಯ ಕಾಲ. ರೇಡಿಯೇಟರಿನ ಸಣ್ಣ ಸಂದಿಗಳಿಂದ ನನಗೆ ಮುಂದಿನ ದಾರಿಯ ಬೆಳಕು ಕಾಣುತ್ತಿತ್ತು. ನಾನು ಎಳೆದಷ್ಟು ಗಾಳಿ ಬರುತ್ತಿತ್ತು, ನೀರು ತಣ್ಣಗಾಗುತ್ತಿತ್ತು. ಆಮೇಲೆ ಆ ಜೀಪಿನ ಚಾಸಿ ಸೀಳಿತು. ಅದನ್ನು ತುಂಡು ತುಂಡು ಮಾಡಿ ಮಾರಿದರು. ನಾನು ಕೈ ಬದಲಾಗುತ್ತ ಕೊಳ್ಳೇಗಾಲದ ಒಂದು ಗುಜರಿ ಅಂಗಡಿಗೆ ಬಂದು, ಎರಡು ವರ್ಷ ಗೋಡೆಯ ಮೊಳೆಗೆ ನೇತಾಡಿದೆ.

ಅಲ್ಲಿಗೆ ಬಂದವನು ಮಂಟಯ್ಯ. ಬೆಟ್ಟದೊಳಗಿನ ಕಿರುಬಾರೆ ಎಂಬ ಊರಿನವನು, ಜೀಪು ಓಡಿಸುವವನು. ಮೂವತ್ತೈದು ಮೀರಿರಲಿಲ್ಲ, ಮುಖದಲ್ಲಿ ಮಾತ್ರ ಐವತ್ತರ ದಣಿವು. ಜೊತೆಗೆ ಅವನ ಮೆಕ್ಯಾನಿಕ್ಕು ಪ್ಯಾರೇಜಾನ್ ಮೇಸ್ತ್ರಿ.

"ನಾಕು ರೆಕ್ಕದು ಹಾಕ್ಸುದಿ. ಪ್ಲಾಸ್ಟಿಕ್‌ದು ಹಾಕ್ಸುದಿ. ರೇಡಿಯೇಟ್ರು ಬಿಚ್ಚಿ ತೊಳ್ಸುದಿ," ಎಂದು ಮಂಟಯ್ಯ ತಾನು ಮಾಡಿಸಿದ್ದನ್ನೆಲ್ಲ ಒಂದೊಂದೇ ಹೇಳಿದ. "ಇಲ್ಲಿ ಪ್ಯಾಟಲಿ ಓಡ್ಸುದ್ರ ಬಿಸಿ ತೋರ್ಸ ಮುಳ್ಳು ಅಲ್ಲಾಡಾದೇ ಇಲ್ಲ. ನಮ್ಮೂರು ಏರು ಹತ್ತುಸುದ್ರ ಕುದ್ದೋಯ್ತದ. ಯಾನ ಮಾಡದು ಮೇಸ್ತ್ರಿ?"

"ಏರಲ್ಲಿ ಗಾಡಿ ಮನುಷ್ಯ ನಡಿಯೋ ಸ್ಪೀಡಲ್ಲಿ ಹೋಗುತ್ತೆ ಮಂಟಯ್ಯ. ಗಾಳಿ ತಾನಾಗಿ ಬರಲ್ಲ, ಫ್ಯಾನೇ ಎಳೀಬೇಕು."

"ಕರೆಂಟ್ ಫ್ಯಾನು ಬಂದದಂತಲ್ಲ?"

"ಬಂದಿದೆ. ನಿಮ್ಮ ಹಳ್ಳದ ನೀರು ಬಾನೆಟ್ ತನಕ ಬರುತ್ತಲ್ಲಪ್ಪ, ಮೋಟ್ರು ಒಂದು ಮಳೆಗಾಲ ತಡೆಯಲ್ಲ. ನಿನ್ನ ಗಾಡಿಗೆ ಓರೆ ಜಾಸ್ತಿ ಇರೋ ಉಕ್ಕಿನ ಫ್ಯಾನೇ ಸೈ."

ಮೇಸ್ತ್ರಿ ನನ್ನನ್ನು ಮೊಳೆಯಿಂದ ಇಳಿಸಿ, ರೆಕ್ಕೆಯ ಓರೆಯ ಮೇಲೆ ಬೆರಳಾಡಿಸಿ ನೋಡಿದ. ಗ್ಯಾರೇಜಿಗೆ ಒಯ್ದು ನಾಲ್ಕು ಬೋಲ್ಟಿನಲ್ಲಿ ಬಿಗಿದ. ನಾನು ಎಳೆಯುವ ಗಾಳಿ ಪಕ್ಕಕ್ಕೆ ಸೋರದಿರಲೆಂದು ಎಣ್ಣೆಯ ಡಬ್ಬ ಕತ್ತರಿಸಿ ನನ್ನ ಸುತ್ತ ಒಂದು ಗೂಡು ಕಟ್ಟಿದ. ಊರಾಚೆಯ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ನೋಡಿದರು. ಮುಳ್ಳು ನಡುವಿನಿಂದ ಮೇಲೆ ಹೋಗಲಿಲ್ಲ. ಮಂಟಯ್ಯ ಸ್ಟೇರಿಂಗಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿಕೊಂಡ.

ಅವನ ಆತಂಕ ಏನೆಂದು ಎರಡು ದಿನದಲ್ಲಿ ತಿಳಿಯಿತು. ಕಿರುಬಾರೆ ಇರುವುದು ಬೋಗುಣಿಯಂಥ ಒಂದು ತಗ್ಗಿನಲ್ಲಿ. ಅಲ್ಲಿಂದ ಹೊರಗೆ ಬರಲು ಇರುವುದು ಒಂದೇ ದಾರಿ, ಏಳು ಮೈಲಿ ಕಲ್ಲಿನ ಏರು. ಊರಿಗೆಲ್ಲ ಇರುವುದು ಒಂದೇ ಜೀಪು. ಅವನ ಅವ್ವ ಕಾಳಮ್ಮನಿಗೆ ಹೃದಯದ ಕಾಯಿಲೆ. ಎದೆ ನೋವು ಬಂದರೆ ಎರಡು ಗಂಟೆಯೊಳಗೆ ಆಸ್ಪತ್ರೆಗೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಜೀಪು ಎಲ್ಲೂ ನಿಲ್ಲದಿದ್ದರೆ ಒಂದೂವರೆ ಗಂಟೆಯ ದಾರಿ. ಅಂದರೆ ಅವಳ ಜೀವ ಇದ್ದದ್ದು ನನ್ನ ಮೇಲೆ. ಆ ಕೆಲಸಕ್ಕೆ ನಾನು ಹೆದರಲಿಲ್ಲ, ನನ್ನ ಓರೆಯ ಮೇಲೆ ನನಗೆ ಅಷ್ಟು ನಂಬಿಕೆಯಿತ್ತು.

ಆದರೆ ನನ್ನನ್ನು ಬಿಗಿಸಿದ ದಿನವೇ, ಪೇಟೆಯಿಂದ ಹಿಂತಿರುಗುವಾಗ, ಬೆಟ್ಟದ ಬುಡದ ಚೆಕ್‌ಪೋಸ್ಟ್ ದಾಟಿದ ಮೇಲೆ, ಮಂಟಯ್ಯ ಜೀಪು ನಿಲ್ಲಿಸಿ ಸೀಟಿನ ಕೆಳಗಿಂದ ಒಂದು ತಗಡಿನ ಬೋರ್ಡು ತೆಗೆದ. ಒರೆಸಿ, ಕಣ್ಣಿಗೊತ್ತಿಕೊಂಡು, ಜೀಪಿನ ಮುಂದಿನ ಜಾಲರಿಗೆ ತಂತಿಯಲ್ಲಿ ಬಿಗಿಯಾಗಿ ಕಟ್ಟಿದ. ನನಗೆ ಕಾಣುತ್ತಿದ್ದ ಬೆಳಕು ಒಮ್ಮೆಗೇ ಆರಿಹೋಯಿತು.

ಆ ಬೋರ್ಡಿನ ಕಥೆಯನ್ನು ಜೀಪು ಹತ್ತುವವರು ಹೇಳಿಕೊಳ್ಳುತ್ತಿದ್ದರು. ಜೀಪು ಮೊದಲು ಮಂಟಯ್ಯನ ಅಣ್ಣ ರಾಚಪ್ಪನದು. ಏರಿನ ಕಲ್ಲುಗಳನ್ನು ಸ್ವಂತ ಕೈಯಿಂದ ಸರಿಸಿ ಊರಿಗೆ ಮೊದಲ ಗಾಡಿ ತಂದವನು ಅವನು. ಕಾಮಾಲೆ ಬಂದು ಮೂರೇ ವಾರದಲ್ಲಿ ತೀರಿಕೊಂಡ. ವರ್ಷದ ಕಾರ್ಯದ ದಿನ ಅವನ ಹೆಂಡತಿ ದುಂಡಮ್ಮ, ಮದುವೆಯ ಫೋಟೋ ಕೊಟ್ಟು ಪೇಟೆಯ ಪೇಂಟರಿನಿಂದ ಗಂಡನ ಮುಖ ಬರೆಸಿ ತಂದಳು. ಎಲ್ಲಿ ಕಟ್ಟುವುದು ಎಂಬ ಮಾತು ಬಂದಾಗ, "ನನ್ ಗಂಡ ಮುಂದ ಇರ್ಲಿ. ದಾರಿ ಮಾಡ್ದಂವ ಅಂವ" ಅಂದಳು. ಅತ್ತೆಯೂ ಹೂಂ ಅಂದಳು. ಬೋರ್ಡಿದ್ದ ಗಾಡಿಯನ್ನು ಪೇಟೆಯಲ್ಲಿ ಪೊಲೀಸರು ತಡೆಯುತ್ತಾರೆಂದು ಮಂಟಯ್ಯ ಕೆಳಗಿಳಿಯುವಾಗಲೆಲ್ಲ ಚೆಕ್‌ಪೋಸ್ಟಿನ ಮೊದಲೇ ಬಿಚ್ಚಿಟ್ಟು, ಹಿಂತಿರುಗುವಾಗ ಕಟ್ಟುತ್ತಿದ್ದ. ಹೀಗಾಗಿ ಪ್ಯಾರೇಜಾನ್ ಮೇಸ್ತ್ರಿ ಅದನ್ನು ಒಂದು ದಿನವೂ ನೋಡಿರಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ಬೇಸಿಗೆ ಬಂದಿತ್ತು, ಜೀಪು ಕಾಯತೊಡಗಿದ್ದು ಆಗಲೇ. ಬಿಸಿಲಿಗೆ ಅಂದುಕೊಂಡರು. ಮಳೆಗಾಲದಲ್ಲೂ ಕಾಯಿತು. ಫ್ಯಾನಿಗೆ ಅಂದುಕೊಂಡರು.

ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ನಾಲಿಗೆ ಇದ್ದಿದ್ದರೆ ಬಾನೆಟ್ಟು ಹಾರಿಹೋಗುವಂತೆ ಕೂಗಿಬಿಡುತ್ತಿದ್ದೆ. ಗಾಳಿಯನ್ನು ಎಳೆಯಬಲ್ಲೆನೇ ಹೊರತು ಹುಟ್ಟಿಸಬಲ್ಲೆನೇ? ಜಾಲರಿಗೆ ತಗಡು ಮುಚ್ಚಿ ನನ್ನನ್ನು ಬೈದರೆ ಬಾಯಿಗೆ ಬಟ್ಟೆ ತುರುಕಿ ಹಾಡು ಅಂದಂತಾಯಿತು. ಏರಿನಲ್ಲಿ ಎರಡು ಸಲ, ಮೂರು ಸಲ ಕುದಿದು ನಿಲ್ಲುತ್ತಿದ್ದೆವು. ಹೆಂಗಸರು ಇಳಿದು ಬಂಡೆಯ ಮೇಲೆ ಕೂರುತ್ತಿದ್ದರು. ಮಂಟಯ್ಯ ಕ್ಯಾನಿನ ನೀರು ಸುರಿದು, ನನ್ನ ಕಡೆ ನೋಡಿ, "ಇದ್ಕೂ ಒಂದು ರೋಗ ಬಂದ್ಬುಡ್ತು" ಅನ್ನುತ್ತಿದ್ದ. ಕಣ್ಣೆದುರಿಗೇ ಅಣ್ಣನ ಮುಖ ಇರುತ್ತಿತ್ತು. ಆದರೆ ಅವನ ಪಾಲಿಗೆ ಅದು ಅಣ್ಣ, ತಗಡೂ ಹೌದು ಎಂದು ಹೊಳೆಯಲೇ ಇಲ್ಲ. ದೇವರ ಪಟವನ್ನು ಗಾಳಿಗೆ ಅಡ್ಡ ಅನ್ನುವವರು ಯಾರಿದ್ದಾರೆ?

ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಮಧ್ಯಾಹ್ನ ರಾಗಿ ಹಸನು ಮಾಡುತ್ತಿದ್ದ ಕಾಳಮ್ಮ ಮೊರ ಕೆಳಗಿಟ್ಟು ಎದೆ ಹಿಡಿದುಕೊಂಡಳು. ಊರವರು ಎತ್ತಿ ಜೀಪಿಗೆ ಹತ್ತಿಸಿದರು. ದುಂಡಮ್ಮ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಳು. ಮಂಟಯ್ಯ ಒಂದನೇ ಗೇರಿನಲ್ಲಿ ಏರು ಹಿಡಿದ.

ನಾನು ಅಂದು ತಿರುಗಿದಂತೆ ಜನ್ಮದಲ್ಲಿ ತಿರುಗಿಲ್ಲ. ಬೆಲ್ಟು ಕಿರುಚುತ್ತಿತ್ತು. ಬೋರ್ಡಿನ ಅಂಚಿನಿಂದ ನುಸುಳಿದ ಚೂರು ಗಾಳಿಯನ್ನೂ ಬಿಡದೆ ಎಳೆದೆ. ಸಾಲಲಿಲ್ಲ. ಎರಡನೇ ಮೈಲಿಯಲ್ಲಿ ಕುದಿಯಿತು. ನಿಂತೆವು, ನೀರು ಸುರಿದರು, ಅರ್ಧ ಗಂಟೆ ಹೋಯಿತು. ನಾಲ್ಕನೇ ಮೈಲಿಯಲ್ಲಿ ಮತ್ತೆ ಕುದಿಯಿತು. ಈ ಸಲ ಮಂಟಯ್ಯ ತಣ್ಣಗಾಗುವವರೆಗೆ ಕಾಯದೆ ಮುಚ್ಚಳ ತೆಗೆಯಲು ಹೋಗಿ ಕೈ ಬೇಯಿಸಿಕೊಂಡ. ಅವನಿಗೆ ನೋವು ಗೊತ್ತಾದಂತೆ ಕಾಣಲಿಲ್ಲ.

ಮೂರನೇ ಸಲ ನಿಂತದ್ದು ಜೋಡಿಬಂಡೆಯ ಹತ್ತಿರ. ಅಲ್ಲಿಂದ ನೆತ್ತಿಗೆ ಒಂದೇ ಮೈಲಿ, ಆಮೇಲೆ ಇಳಿಜಾರು.

"ಯಾಕ ಮಗ ನಿಲ್ಸುದ?" ಎಂದು ಕಾಳಮ್ಮ ಕೇಳಿದಳು. ದನಿ ಬಹಳ ಸಣ್ಣಗಾಗಿತ್ತು.

"ಗಾಡಿ ಕಾದದ ಕನವ್ವ. ಈಗ ಆರ್ತದ, ಈಗ ಹೋಗ್ಬುಡವು."

"ರಾಚಪ್ಪ ಮುಂದ ಅವ್ನ ತಾನೇ?"

"ಅವ್ನ ಅವ್ವ," ಎಂದಳು ದುಂಡಮ್ಮ.

"ಹಂಗಾರ ಬುಡು. ಅಂವ ಕರ್ಕಂಡೋಯ್ತಾನ."

ಆಮೇಲೆ ಅವಳು ಮಾತಾಡಲಿಲ್ಲ. ನೀರು ಆರಿ, ಮಂಟಯ್ಯ ಸೆಲ್ಫ್ ಹೊಡೆದು, ನಾನು ತಿರುಗಲು ಶುರು ಮಾಡಿದಾಗ ಹಿಂದಿನಿಂದ ದುಂಡಮ್ಮ, "ಬ್ಯಾಡ ಮಂಟಯ್ಯ. ತಿರುಗ್ಸು" ಅಂದಳು. ಜೀಪು ಊರಿಗೆ ವಾಪಸು ಇಳಿಯಿತು. ಇಳಿಜಾರಿನಲ್ಲಿ ಮುಳ್ಳು ತಾನಾಗಿ ಕೆಳಗೆ ಬಂತು. ಅಂಥ ತಂಪು ಯಾರಿಗೆ ಬೇಕಿತ್ತು?

ಅವ್ವನನ್ನು ಮಣ್ಣು ಮಾಡಿ ಹನ್ನೊಂದು ದಿನ ಕಳೆದ ಮೇಲೆ ಮಂಟಯ್ಯ ಒಬ್ಬನೇ ಪೇಟೆಗೆ ಹೊರಟ. ಗಡ್ಡ ಬೆಳೆದಿತ್ತು. ಏರಿನಲ್ಲಿ ನಾಲ್ಕು ಕಡೆ ಕಾದು ನಿಂತು, ಹೇಗೋ ನೆತ್ತಿ ದಾಟಿ ಇಳಿದ. ಚೆಕ್‌ಪೋಸ್ಟಿನ ಹತ್ತಿರ ಬೋರ್ಡು ಬಿಚ್ಚುವುದನ್ನು ಮರೆತ. ಹಾಗೆ ಮರೆತದ್ದು ಅದೇ ಮೊದಲು. ಅಂದು ಯಾವ ಪೊಲೀಸರೂ ತಡೆಯಲಿಲ್ಲ.

"ಈ ಫ್ಯಾನು ಬ್ಯಾಡ ಮೇಸ್ತ್ರಿ, ಬ್ಯಾರೆ ಯಾವ್ದಾರ ಹಾಕಿ," ಎಂದು ಗ್ಯಾರೇಜಿನ ಮುಂದೆ ಜೀಪು ನಿಲ್ಲಿಸಿದ. ಪ್ಯಾರೇಜಾನ್ ಮೇಸ್ತ್ರಿ ಜಾಲರಿಯ ಮುಂದೆ ಬಂದು ನಿಂತ.

"ಇದು ಯಾವಾಗಿಂದ ಇದೆ?"

"ಅಣ್ಣನ ವರ್ಸದ ಕಾರ್ಯದಿಂದ."

ಮೇಸ್ತ್ರಿ ಇಂಜಿನ್ ಆರಿಸಲು ಬಿಡಲಿಲ್ಲ. ಆಕ್ಸಿಲೇಟರಿಗೆ ಒಂದು ಕಲ್ಲು ಇಟ್ಟು ಮುಳ್ಳನ್ನೇ ನೋಡುತ್ತ ನಿಂತ. ಮುಳ್ಳು ಮೆಲ್ಲಗೆ ಮೇಲೇರಿ ಕೆಂಪಿನ ಹತ್ತಿರ ಬಂತು. ಆಗ ಪಕ್ಕಡು ತೆಗೆದು ತಂತಿ ಕತ್ತರಿಸಿದ. ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಒರಗಿಸಿದ. ನನ್ನ ಮುಂದೆ ಬೆಳಕು ತೆರೆಯಿತು, ಗಾಳಿ ಬಂತು. ಗೋಡೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು ಮೇಸ್ತ್ರಿ ಜಾಲರಿಯ ಮುಂದೆ ಹಿಡಿದ. ನಾನು ಅದನ್ನು ಟಪ್ಪೆಂದು ಎಳೆದು ಜಾಲರಿಗೆ ಅಂಟಿಸಿಕೊಂಡೆ. ಮುಳ್ಳು ಇಳಿಯಿತು.

"ಈ ಫ್ಯಾನ್‌ದು ಏನೂ ತಪ್ಪಿಲ್ಲ ಮಂಟಯ್ಯ," ಅಂದ ಮೇಸ್ತ್ರಿ. ಇದು ನಾನು ಬದುಕಿನಲ್ಲಿ ಕೇಳಿದ ಎರಡನೆಯ ಒಳ್ಳೆಯ ಮಾತು. ಆದರೆ ಅದನ್ನು ಕೇಳಿ ನನಗೆ ಸಂತೋಷವಾಗಲಿಲ್ಲ. ಮಂಟಯ್ಯ ನೆಲದ ಮೇಲೆ ಕುಕ್ಕರಿಸಿ ಕುಳಿತು, ಸುಟ್ಟ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

ಆಮೇಲೆ ಎದ್ದ. "ಅತ್ಗೆ ಬರ್ಸಿದ್ದು ಇದ. ಮುಂದಕೇ ಕಟ್ಟು ಅಂದದ್ದೂ ಅವ್ಳೇ," ಅಂದ. "ಇದು ಅವ್ಳ್ಗ ಗೊತ್ತಾಗ್ಬಾರ್ದು ಮೇಸ್ತ್ರಿ. ಗೊತ್ತಾದ್ರ ಬದ್ಕಾಕಿಲ್ಲ ಅವ್ಳು. ಫ್ಯಾನು ಬಿಚ್ಚಿ."

"ಅಯ್ಯೋ, ಚೆನ್ನಾಗಿದೆಯಲ್ಲಪ್ಪ ಇದು."

"ಗೊತ್ತು. ಆದ್ರೂ ಬಿಚ್ಚಿ."

ಮೇಸ್ತ್ರಿ ಬೋಲ್ಟು ಬಿಚ್ಚಿದ. ನನ್ನ ಜಾಗಕ್ಕೆ ಇನ್ನೊಂದು ಬಂತು, ನನ್ನಂಥದೇ ಆರು ರೆಕ್ಕೆಯದು. ಬೋರ್ಡು ಜೀಪಿನ ಟಾಪಿನ ಮೇಲೆ ಹೋಯಿತು. ಊರಿಗೆ ಬಂದ ಮಂಟಯ್ಯ ನನ್ನನ್ನು ಅತ್ತಿಗೆಯ ಅಂಗಳದಲ್ಲಿ ಎಸೆದ. "ಇದೇ ಕನತ್ಗೆ ಕೆಟ್ಟಿದ್ದುದು. ಮೇಸ್ತ್ರಿ ನೋಡ್ಬುಟ್ಟು ಹೇಳುದ್ರು," ಅಂದ. ಬೋರ್ಡನ್ನು ಯಾಕೆ ಮೇಲೆ ಹಾಕಿದೆ ಎಂದು ಅವಳು ಕೇಳಿದಳು. "ಮ್ಯಾಲಿದ್ರ ಅಣ್ಣನ್ಗ ದೂರದ ದಾರಿನೂ ಕಾಣ್ತದ" ಅಂದು ಅವನು ಮುಖ ತಿರುಗಿಸಿಕೊಂಡು ಹೋದ.

ದುಂಡಮ್ಮ ನನ್ನನ್ನು ಕಾಲಿನಿಂದ ಒಮ್ಮೆ ಒದ್ದಳು. ಎಸೆಯಲಿಲ್ಲ. ಬಡವರ ಮನೆಯಲ್ಲಿ ಕಬ್ಬಿಣವನ್ನು ಯಾರೂ ಎಸೆಯುವುದಿಲ್ಲ. ಮುಂಗಾರಿನಲ್ಲಿ ಜೋಳ ಹಾಕಿದಾಗ, ಹೊಲದ ಬದಿಯಲ್ಲಿ ಒಂದು ಗಳು ನೆಟ್ಟು, ಅದರ ತುದಿಗೆ ನನ್ನನ್ನು ಸಿಕ್ಕಿಸಿ, ಪಕ್ಕದಲ್ಲಿ ಒಂದು ಹಳೆಯ ತಟ್ಟೆ ಕಟ್ಟಿದಳು. ಗಾಳಿಗೆ ನಾನು ತಿರುಗಿದರೆ ನನ್ನ ರೆಕ್ಕೆಗೆ ಸಿಕ್ಕಿಸಿದ ಸರಪಳಿಯ ತುಂಡು ತಟ್ಟೆಗೆ ಬಡಿಯುತ್ತದೆ. ಗಿಳಿಗಳು ಏಳುತ್ತವೆ, ಹಂದಿಗಳು ಹಿಂದೆ ಸರಿಯುತ್ತವೆ. ಗಾಳಿಯನ್ನು ಎಳೆಯುತ್ತಿದ್ದವನನ್ನು ಈಗ ಗಾಳಿ ಎಳೆಯುತ್ತಿದೆ.

ಇಲ್ಲಿಂದ ಏರು ಪೂರ್ತಿ ಕಾಣುತ್ತದೆ. ದಿನಾ ಬೆಳಿಗ್ಗೆ ಜೀಪು ಹತ್ತುತ್ತದೆ. ಎರಡನೇ ಮೈಲಿಯಲ್ಲಿ ನಿಲ್ಲುವುದಿಲ್ಲ, ನಾಲ್ಕನೆಯದರಲ್ಲಿ ನಿಲ್ಲುವುದಿಲ್ಲ, ಜೋಡಿಬಂಡೆಯನ್ನೂ ನಿಲ್ಲದೆ ದಾಟುತ್ತದೆ. ಅದರ ಸದ್ದು ಒಂದೇ ಸಮನೆ ನೆತ್ತಿಯವರೆಗೆ ಹೋಗುವುದನ್ನು ಕೇಳುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುತ್ತದೆ. ಜೀಪಿನ ನೆತ್ತಿಯ ಮೇಲೆ ರಾಚಪ್ಪನ ಮುಖ ಇರುತ್ತದೆ. ಅಷ್ಟು ದಿನ ಅವನ ಬೆನ್ನ ಹಿಂದೆಯೇ ಇದ್ದರೂ ನಾನು ಆ ಮುಖ ನೋಡಿದ್ದು ಇಲ್ಲಿಗೆ ಬಂದ ಮೇಲೆ. ಪೇಂಟರು ಮೀಸೆಯನ್ನು ಸ್ವಲ್ಪ ದಪ್ಪ ಮಾಡಿದ್ದಾನೆ. ಒಳ್ಳೆಯ ಮುಖ.

ಸಂಜೆ ಕಳೆ ಕಿತ್ತು ಮನೆಗೆ ಹೊರಡುವಾಗ ದುಂಡಮ್ಮ ನನ್ನ ಗಳುವಿನ ಕೆಳಗೆ ಒಂದು ಗಳಿಗೆ ನಿಲ್ಲುತ್ತಾಳೆ. ತಲೆಯೆತ್ತಿ ನೋಡುತ್ತಾಳೆ.

"ಈಗ ನೋಡು ಎಂಗ ತಿರುಗ್ತಿದ್ದೈ," ಅನ್ನುತ್ತಾಳೆ. "ಅವತ್ತು ಯಾನಾಗಿತ್ತು ನಿನ್ಗ? ನಮ್ಮತ್ತ ನಿನ್ಗ ಯಾನ ಮಾಡಿದ್ಲು?"

ಒಂದು ಕಾಲದಲ್ಲಿ ನನಗೊಂದು ನಾಲಿಗೆ ಬೇಕಿತ್ತು. ನನ್ನದು ತಪ್ಪಿಲ್ಲ ಎಂದು ಊರಿಗೆಲ್ಲ ಸಾರಬೇಕಿತ್ತು. ಈಗ ಅವಳು ಹೀಗೆ ನಿಂತು ಕೇಳುವಾಗ, ಅದು ಇಲ್ಲದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಬೈದು ಮುಗಿಸಿ, ಕಣ್ಣೊರೆಸಿಕೊಂಡು, ಹುಲ್ಲಿನ ಹೊರೆ ಎತ್ತಿಕೊಂಡು ಅವಳು ಹಗುರವಾಗಿ ನಡೆದುಹೋಗುತ್ತಾಳೆ. ನಾನು ತಟ್ಟೆ ಬಡಿಯುತ್ತ ತಿರುಗುತ್ತೇನೆ.