ಮೂರು ವೇಗ

“ಹೌದಪ್ಪ, ಇದೇ ನಮ್ಮಮ್ಮ,” ಎಂದಳು ಅಜ್ಜಿ.

ಇದು ಮೂರನೆಯ ಸಲ. ಮೂರೂ ಬೇರೆ ಬೇರೆ ದನಿಗಳು.

ಹಳೆಯ ಹಾಡಿನ ಪ್ಲೇಟುಗಳನ್ನು ಸರಿಪಡಿಸುವ ಸಂಗೀತದ ಮೇಷ್ಟ್ರು ಮೆರ್ತಾಯಸ ಗ್ರಾಮಫೋನಿನ ವೇಗದ ತಿರುಪಿನಿಂದ ಕೈ ತೆಗೆಯಲಿಲ್ಲ. ಅದನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿದರೆ ಪ್ಲೇಟು ಜೋರಾಗಿ ಸುತ್ತಿ ಹದಿನೈದರ ಹುಡುಗಿ ಹಾಡುತ್ತಿದ್ದಳು. ಈಚೆ ತಿರುಗಿಸಿದರೆ, ಹೆತ್ತು ಹೊತ್ತು ದಣಿದ ಹೆಂಗಸು. ತೊಂಬತ್ತು ವರ್ಷದ ಹಿಂದೆ ಮುದ್ರಿಸಿಕೊಂಡವರು ವೇಗ ಬರೆದಿಟ್ಟಿರಲಿಲ್ಲ.

ಬಾಲಿಯಲ್ಲಿ ಒಂದೂರಿನ ಶ್ರುತಿ ಇನ್ನೊಂದೂರಿಗಿಲ್ಲ. ಹಾಡಿಗೆ ಮೊದಲು ಊರಿನ ವಾದ್ಯದ ಕಂಚಿನ ಪಟ್ಟಿಯ ಒಂದು ಪೆಟ್ಟು ಕೇಳುತ್ತದೆ. ಆ ಪಟ್ಟಿ ಸಿಕ್ಕಿದ್ದರೆ ಸಾಕಿತ್ತು, ಅದರ ಶ್ರುತಿಗೆ ಹೊಂದಿಸಿ ಸರಿಯಾದ ವೇಗ ಹಿಡಿಯಬಹುದಿತ್ತು. ಊರಿನವರು ಹೊಸ ವಾದ್ಯಗಳ ಹುಚ್ಚಿನಲ್ಲಿ ಹಳೆಯ ಕಂಚನ್ನೆಲ್ಲ ಕರಗಿಸಿಬಿಟ್ಟಿದ್ದರು. ಉಳಿದವಳು ಹಾಡಿದಾಕೆಯ ಮಗಳು, ಎಂಬತ್ತೆಂಟರ ಈ ರೆಂತಿಗ್ ಅಜ್ಜಿ.

ಹನ್ನೊಂದು ವರ್ಷ ಅವನು ಇಂಥ ಪ್ಲೇಟುಗಳ ಕರಕರ ಸದ್ದನ್ನು ಒರೆಸಿದ್ದ. ಆ ವರ್ಷಗಳಲ್ಲಿ ಹೆಂಡತಿ ಹೇಳಿದ್ದನ್ನೂ ಸದ್ದೆಂದು ಒರೆಸಿದ್ದನೇನೋ.

“ಮೂರೂ ಹೇಗಜ್ಜಿ ಒಂದೇ ಆಗುತ್ತೆ?”

“ಕಾಫಿ ಆರಿಹೋಗುತ್ತೆ, ಕುಡಿ.”

ತೆಂಗಿನ ಗರಿಯಲ್ಲಿ ಪೂಜೆಯ ಪುಟ್ಟ ತಟ್ಟೆ ಹೆಣೆಯುತ್ತಿದ್ದ ಸೊಸೆ ಸುಕ್ರಿ ನಕ್ಕಳು. “ನಮ್ಮತ್ತೆ ಹಂಗೇ ಮೇಷ್ಟ್ರೇ. ಉಪ್ಪು ಹಾಕೋದು ಮರೆತರೂ ಚೆನ್ನಾಗಿದೆ ಅಂತಾರೆ. ಮೂವತ್ತು ವರ್ಷ ಆಯ್ತು, ನಂಗೆ ಅಡುಗೆ ಬರುತ್ತೋ ಇಲ್ವೋ ಇನ್ನೂ ಗೊತ್ತಿಲ್ಲ!”

“ನಿಜ ಹೇಳಿ ಅಜ್ಜಿ.”

ಅಜ್ಜಿ ಸೆರಗಿನಲ್ಲಿ ಲೋಟದ ಅಂಚು ಒರೆಸಿ ಅವನ ಕಡೆ ಸರಿಸಿದಳು. “ಯಾವುದಕ್ಕೆ ನಿನ್ನ ಮುಖ ಅರಳುತ್ತೆ ಅಂತ ನೋಡ್ತಿದ್ದೆ ಕಣಪ್ಪ. ಅದನ್ನೇ ಅಮ್ಮ ಅನ್ನೋಣ ಅಂತ. ಒಂದಕ್ಕೂ ಅರಳ್ಲಿಲ್ಲ.”

“ನಿಮ್ಮಮ್ಮ ಹಾಡಿದ್ದು ನೆನಪಿಲ್ವಾ?”

“ಮದುವೆ ಆದ್ಮೇಲೆ ಹಾಡ್ಲೇ ಇಲ್ಲ. ನಾನು ಒಂದ್ಸಲಾನೂ ಕೇಳಿಲ್ಲ.”

“ಮಾತಾಡೋ ದನಿ?”

“ಭತ್ತದ ಮೇಲಿಂದ ಕೋಳಿ ಓಡಿಸೋಕೆ ಕೂಗ್ತಿದ್ಲು. ಅದು ಗೊತ್ತು. ನೀನು ಓದಿದವನು. ಇದು ನಿಮ್ಮಮ್ಮ ಅಂತ ನೀನೇ ತೋರಿಸ್ತೀಯ ಅಂದ್ಕೊಂಡು ಬೆಳಿಗ್ಗೇನೇ ಮಿಂದು ಕೂತಿದ್ದೆ.”

ಅವನು ಮುಳ್ಳು ಎತ್ತಿ ಗುಂಡಿ ಒತ್ತಿದ. ಪ್ಲೇಟು ನಿಂತಿತು. ನಡುವಿನ ವೇಗದ ದನಿಯೇ ಅಮ್ಮನದು ಎಂದಿದ್ದರೆ ಅಜ್ಜಿ ನಂಬುತ್ತಿದ್ದಳು. ಹಾಗೆನ್ನಲು ಬಾಯಿ ತೆರೆದವನು ಕಾಫಿ ಕುಡಿದ.

ಸುಕ್ರಿಯ ಕೈಯಿಂದ ಗರಿಯ ತಟ್ಟೆ ತೆಗೆದುಕೊಂಡು, ಹೂವು ತುಂಬಿ, ಅಜ್ಜಿ ಅದನ್ನು ನಿಂತ ಪ್ಲೇಟಿನ ಮೇಲಿಟ್ಟು ಕೈಮುಗಿದಳು. “ಇರ್ಲಿ, ಮೂವರಿಗೂ ಸೇರಿಸಿ.”

ಅಭ್ಯಾಸಬಲದಿಂದ ಅವನ ಬೆರಳು ಗುಂಡಿ ಒತ್ತಿತು. ಪ್ಲೇಟು ತಿರುಗತೊಡಗಿತು, ಸದ್ದಿಲ್ಲದೆ. ತಟ್ಟೆಯ ಹೂಗಳು ಒಂದೊಂದಾಗಿ ಅಂಚಿಗೆ ಸರಿದು ಸಿಡಿದು ಚಾಪೆಯ ಮೇಲೆ ಬಿದ್ದವು. ಗಾಬರಿಯಲ್ಲಿ ತಿರುಪನ್ನು ಈಚೆ ತಿರುಗಿಸಿದ, ಆಚೆ ತಿರುಗಿಸಿದ. ಯಾವ ವೇಗದಲ್ಲೂ ಅದು ಒಂದು ಹೂವನ್ನೂ ಉಳಿಸಿಕೊಳ್ಳಲಿಲ್ಲ.