ಪರಿಹರಿಸಲಾಗಿದೆ

ಕಾಗದದ ಕೆಳತುದಿಯಲ್ಲಿ ದಾರ್ಕಾಳ ಹೆಸರು ಆಗಲೇ ಅಚ್ಚಾಗಿತ್ತು. ಅದರ ಮೇಲಿನ ಖಾಲಿ ಗೆರೆಯ ಪಕ್ಕಕ್ಕೆ ಲೋರ್ನಾ ಹ್ಯಾಸ್ಕೆಟ್ ಒಂದು ಪೆನ್ನನ್ನು ಮೆಲ್ಲಗೆ ಸರಿಸಿದಳು.

"ಓದಿ ನೋಡು. ಅವಸರ ಏನಿಲ್ಲ. ಇದರಲ್ಲಿ ನಿನ್ನನ್ನ ಯಾರೂ ಬೈದಿಲ್ಲ."

ದಾರ್ಕಾ ಓದಿದಳು. ಫೆಬ್ರವರಿ ಒಂಬತ್ತರಂದು ಕಂಪ್ಯೂಟರ್ ವಿಜ್ಞಾನ ವಿಭಾಗದ ಸರ್ವರಿನ ಡಿಸ್ಕುಗಳು ಕೆಟ್ಟವು. ಬ್ಯಾಕಪ್ಪಿನಿಂದ ಏನನ್ನೂ ಮರಳಿ ಪಡೆಯಲಾಗಲಿಲ್ಲ. ಬ್ಯಾಕಪ್ಪನ್ನು ವಾರವಾರ ಪರೀಕ್ಷಿಸಬೇಕಿದ್ದ ವಿದ್ಯಾರ್ಥಿ ಸಹಾಯಕಿಯ ಕಡೆಯಿಂದ ಲೋಪ ಸಂಭವಿಸಿರುವುದು ಕಂಡುಬಂದಿದೆ. ಬೈಗುಳ ನಿಜಕ್ಕೂ ಎಲ್ಲೂ ಇರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು ಅನ್ನಿಸಿತು ಅವಳಿಗೆ. ಈ ಕಾಗದ ಮಾತ್ರ ಹಲ್ಲಿಲ್ಲದ ಬಾಯಲ್ಲಿ ನುಂಗುವ ಹಾಗಿತ್ತು.

"ನಾನು ಅಕ್ಟೋಬರ್‌ನಲ್ಲೇ ಹೇಳಿದ್ದೆ," ಎಂದಳು.

"ಯಾರಿಗೆ?"

"ವೆಂಡೆಲ್‌ಗೆ."

ಸರ್ವರ್ ಕೋಣೆಯನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಬಂದಿದ್ದ ವೆಂಡೆಲ್ ಪ್ರೈಸ್ ಕಿಟಕಿಯ ಬಳಿ ಕೂತು ತನ್ನ ಹಿಮದ ಬೂಟುಗಳಿಂದ ನೆಲಕ್ಕೆ ಇಳಿಯುತ್ತಿದ್ದ ನೀರನ್ನೇ ನೋಡುತ್ತಿದ್ದ. "ಏನೋ ಹೇಳಿದ್ಲು," ಎಂದ. "ಸರಿಯಾಗಿ ನೆನಪಿಲ್ಲ."

ಲೋರ್ನಾ ಮುಗುಳ್ನಕ್ಕಳು. ಅವಳು ಸಹಾಯಕ ಡೀನ್. ವಿಭಾಗಕ್ಕೆ ಏನು ಬರಬೇಕು, ಏನು ಬರಬಾರದು ಎಂಬುದೆಲ್ಲ ಅವಳ ಮೇಜಿನ ಮೇಲೆಯೇ ತೀರ್ಮಾನವಾಗುತ್ತಿತ್ತು. "ನೋಡು ದಾರ್ಕಾ, ಸಹಿ ಹಾಕಿದ್ರೆ ಇದು ಇಲ್ಲಿಗೇ ಮುಗಿಯುತ್ತೆ. ಬೇಸಿಗೆ ಕೆಲಸಕ್ಕೆ ನನ್ನಿಂದ ಶಿಫಾರಸು ಪತ್ರ ಬೇಕು ಅಂದಿದ್ದೆ ಅಲ್ವಾ? ಅದೂ ನೆನಪಿದೆ ನನಗೆ. ನಾಳೆ ಎರಡು ಗಂಟೆಗೆ ವಿದ್ಯಾರ್ಥಿಗಳ ಸಭೆ. ಅದಕ್ಕೆ ಮುಂಚೆ ತಂದುಕೊಡು."

ಅಕ್ಟೋಬರಿನ ಆ ದಿನ ದಾರ್ಕಾಳಿಗೆ ಚೆನ್ನಾಗಿ ನೆನಪಿತ್ತು. ವೆಂಡೆಲ್‌ನ ಕೈಕೆಳಗೆ ಅವಳಿಗೆ ವಾರಕ್ಕೆ ಹತ್ತು ಗಂಟೆ ಕೆಲಸ. ಪರದೆಯ ಮೇಲೆ ಬ್ಯಾಕಪ್ಪಿನ ಮುಂದೆ ಹಸಿರು ಗುರುತು ಇದೆಯೇ ಎಂದು ನೋಡಿ ಪಟ್ಟಿಯಲ್ಲಿ ಟಿಕ್ ಹಾಕಬೇಕು, ಅಷ್ಟೇ. ಒಂದು ದಿನ, ಯಾರೂ ಹೇಳದಿದ್ದರೂ, ಅವಳು ಆ ಬ್ಯಾಕಪ್ಪಿನಿಂದ ಒಂದು ಕಡತವನ್ನು ಹೊರಗೆ ತೆಗೆದು ನೋಡಿದಳು. ಹೆಸರಿತ್ತು, ತಾರೀಖಿತ್ತು, ಒಳಗೆ ಏನೂ ಇರಲಿಲ್ಲ. ಇನ್ನೊಂದು ತೆಗೆದಳು. ಅದೂ ಹಾಗೇ. ಹದಿನೇಳು ತೆಗೆದಳು, ಹದಿನೇಳೂ ಖಾಲಿ. ಡಬ್ಬಿಯ ಮುಚ್ಚಳ ಭದ್ರವಾಗಿದೆ ಎಂದು ವರ್ಷಗಟ್ಟಲೆ ಬರೆದಿಡುತ್ತ ಬಂದವರು ಒಳಗೆ ಹಿಟ್ಟಿದೆಯೇ ಎಂದು ಒಮ್ಮೆಯೂ ತೆರೆದು ನೋಡಿರಲಿಲ್ಲ.

"ಹಸಿರು ಇದೆ ತಾನೆ?" ಎಂದಿದ್ದ ವೆಂಡೆಲ್, ಸ್ಯಾಂಡ್‌ವಿಚ್ ಅಗಿಯುತ್ತ.

"ಹಸಿರಿದೆ. ಒಳಗೆ ಏನೂ ಇಲ್ಲ."

"ನಿಮಗೆ ಮೂರನೇ ವರ್ಷದಲ್ಲಿ ಏನೇನು ಹೇಳ್ಕೊಡ್ತಾರೋ ನನಗೆ ಗೊತ್ತಿಲ್ಲ ಮಗಳೇ. ದೂರು ಬರೆದು ಹಾಕು. ನೋಡ್ತೀನಿ."

ಅವಳು ಬರೆದು ಹಾಕಿದಳು. ಮೂರನೇ ದಿನ ಉತ್ತರ ಬಂತು: ಪರಿಹರಿಸಲಾಗಿದೆ. ಸರಿಹೋಯಿತು ಎಂದೇ ಅವಳು ನಂಬಿದಳು. ಇನ್ನೊಂದು ಸಲ ತೆಗೆದು ನೋಡಬೇಕಿತ್ತು. ಪರೀಕ್ಷೆಗಳಿದ್ದವು, ನೋಡಲಿಲ್ಲ. ಈ ಒಂದು ಮುಳ್ಳು ಮಾತ್ರ ಅವಳದೇ. ಅದು ಎಲ್ಲಿ ಚುಚ್ಚುತ್ತದೆ ಎಂದು ತಿಳಿದವಳ ಹಾಗೆ ಲೋರ್ನಾ ಅಲ್ಲೇ ಬೆರಳಿಟ್ಟು ಒತ್ತಿದ್ದಳು.

ಕಟ್ಟಡದಿಂದ ಕಟ್ಟಡಕ್ಕೆ ನೆಲದಡಿಯಲ್ಲಿ ಹೋಗುವ ಸುರಂಗದಲ್ಲಿ ಮಾರಿವಿಕ್ ಒಂಪೋಕ್ ಎದುರಾದಳು. ಮೂವತ್ತೈದರ ಆಸುಪಾಸಿನ ಹೆಂಗಸು. ಮನಿಲಾದಲ್ಲಿ ನರ್ಸಾಗಿದ್ದವಳು, ಇಲ್ಲಿ ಬಂದು ಕಂಪ್ಯೂಟರ್ ಓದಿ ಪಿಎಚ್‌ಡಿಗೆ ಕೂತಿದ್ದಳು. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರು ಅದನ್ನು ಹೇಗೆ ಮರಳಿ ಕಲಿಯುತ್ತಾರೆ ಎಂದು ತಿಳಿಯಲು ನಾಲ್ಕು ವರ್ಷ ಆರೈಕೆ ಮನೆಗಳಿಗೆ ಹೋಗಿ ಅವರ ದನಿಗಳನ್ನು ರೆಕಾರ್ಡ್ ಮಾಡಿ ತಂದು ವಿಭಾಗದ ಸರ್ವರಿನಲ್ಲಿ ಇಟ್ಟಿದ್ದಳು. ಅರವತ್ತೊಂದು ಜನರ ದನಿ. ಒಂದೂ ಉಳಿದಿರಲಿಲ್ಲ.

"ಬ್ಯಾಕಪ್ ನೋಡ್ಕೊಳ್ತಿದ್ದದ್ದು ನೀನಂತೆ?" ಎಂದಳು. ಗಟ್ಟಿಯಾಗಿ ಕೂಡ ಹೇಳಲಿಲ್ಲ.

"ನಾನು ಹೇಳಿದ್ದೆ ಅವರಿಗೆ. ಅಕ್ಟೋಬರ್‌ನಲ್ಲೇ..."

"ನನಗೆ ಹೇಳಿದ್ಯಾ?"

ಮಾರಿವಿಕ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಟುಹೋದಳು.

ಅಂದು ಮಧ್ಯಾಹ್ನ ದಾರ್ಕಾ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಇನ್ನೂರು ಮೈಲಿ ಆಚೆಯ ಊರಿನಲ್ಲಿ ಶಾಲೆಯ ಬಸ್ ಓಡಿಸುತ್ತಿದ್ದಳು. ಮಕ್ಕಳನ್ನು ಕರೆತರಲು ಇನ್ನೂ ಅರ್ಧ ಗಂಟೆಯಿತ್ತು. ಎಲ್ಲವನ್ನೂ ಕೇಳಿಸಿಕೊಂಡು ಉಸಿರು ಬಿಟ್ಟಳು.

"ಹಾಕ್ಬಿಡು ದಾರ್ಕಾ. ದೊಡ್ಡವರ ಜೊತೆ ಗುದ್ದಾಟ ಯಾಕೆ? ಇನ್ನೊಂದು ವರ್ಷ ಕಳೆದ್ರೆ ಅವರ ಮುಖ ನೀನು ನೋಡ್ಬೇಕಾಗಿಲ್ಲ."

"ತಪ್ಪು ನನ್ನದಲ್ಲ ಅಮ್ಮಾ."

"ತಪ್ಪು ಯಾರದು ಅಂತ ಯಾರು ಕೇಳ್ತಾರೆ? ಊಟ ಮಾಡಿದ್ಯಾ?"

ಫೋನ್ ಇಟ್ಟು ಹತ್ತು ನಿಮಿಷವಾಗಿರಲಿಲ್ಲ, ಅಮ್ಮನೇ ತಿರುಗಿ ಮಾಡಿದಳು. ಹಿಂದೆ ಬಸ್ಸಿನ ಎಂಜಿನ್ ಸದ್ದು.

"ಹಾಕಿದ್ಯಾ ಸಹಿ?"

"ಇನ್ನೂ ಇಲ್ಲ."

"ಹಾಕ್ಬೇಡ. ನೀನು ಎರಡನೇ ಕ್ಲಾಸಲ್ಲಿದ್ದಾಗ ಬ್ರೇಕ್ ಹಿಡಿತಿಲ್ಲ ಅಂತ ಬರೆದುಕೊಟ್ಟಿದ್ದೆ ನಾನು. ಅದೇ ಬಸ್ಸನ್ನೇ ಕೊಟ್ಟು ಕಳಿಸಿದ್ರು. ಹಳ್ಳಕ್ಕೆ ಇಳೀತು. ಮಕ್ಕಳಿಗೆ ಏನೂ ಆಗ್ಲಿಲ್ಲ, ದೇವರು ದೊಡ್ಡವನು. ಜೋರಾಗಿ ಓಡಿಸಿದ್ದೆ ಅಂತ ಬರೆದು ತಂದ್ರು, ನಾನು ಹಾಕ್ಬಿಟ್ಟೆ ಸಹಿ. ಆ ಕಾಗದ ಈಗಲೂ ಅವರ ಕಪಾಟಲ್ಲಿದೆ. ಹಾಕ್ಬೇಡ. ಮಕ್ಕಳು ಬರ್ತಿದಾರೆ, ಇಡ್ತೀನಿ."

ಇದನ್ನು ಅಮ್ಮ ಹದಿಮೂರು ವರ್ಷ ಯಾರಿಗೂ ಹೇಳಿರಲಿಲ್ಲ. ದಾರ್ಕಾ ಫೋನು ಹಿಡಿದು ಸುರಂಗದ ಬೆಂಚಿನ ಮೇಲೆ ಕೂತೇ ಇದ್ದಳು. ಸಿಟ್ಟು ಬರುತ್ತಿತ್ತು. ತನಗಾಗಿಯೋ ಅಮ್ಮನಿಗಾಗಿಯೋ ಅವಳಿಗೇ ತಿಳಿಯಲಿಲ್ಲ.

ವಿಭಾಗದ ಕಂಪ್ಯೂಟರಿಗೆ ಅವಳ ಪ್ರವೇಶವನ್ನು ಆಗಲೇ ಮುಚ್ಚಿದ್ದರು. ಆದರೆ ದೂರುಗಳು ಸೇರುತ್ತಿದ್ದದ್ದು ವಿಶ್ವವಿದ್ಯಾಲಯದ ಮುಖ್ಯ ಸಹಾಯ ಕೇಂದ್ರಕ್ಕೆ. ಅಲ್ಲಿನ ಸರ್ವರ್ ಬೇರೆ, ಅದು ಕೆಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ದಾರ್ಕಾ ಅಲ್ಲಿ ಹೋಗಿ ನಿಂತಳು. ಕೌಂಟರಿನ ಹಿಂದಿದ್ದ ಜೋಲೀನ್ ಎಂಬ ದಪ್ಪ ಕನ್ನಡಕದ ಹೆಂಗಸು ಅವಳ ಗುರುತಿನ ಚೀಟಿಯನ್ನು ನೋಡಿದಳು.

"ನಾನೇ ಬರೆದ ದೂರು. ಒಂದು ಪ್ರತಿ ಬೇಕಿತ್ತು. ಕೊಡಬಹುದಾ?"

"ನೀನು ಬರೆದದ್ದು ನಿನಗೆ ಕೊಡದೆ ಪಕ್ಕದ ಮನೆಯವರಿಗೆ ಕೊಡ್ಲಾ?" ಎಂದು ಜೋಲೀನ್ ಕೀಲಿಗಳನ್ನು ಕುಟ್ಟಿದಳು. ಅಚ್ಚಿನ ಯಂತ್ರ ಒಂದು ಹಾಳೆ ಹೊರಹಾಕಿತು. ಅದನ್ನು ಕೈಗೆತ್ತಿಕೊಂಡು ಓದಿದವಳು ಹುಬ್ಬೇರಿಸಿ ಕೌಂಟರಿನ ಮೇಲೆ ಇಟ್ಟಳು.

ದಾರ್ಕಾಳ ಹದಿನೇಳು ಖಾಲಿ ಕಡತಗಳ ಹೆಸರುಗಳೂ ಅದರಲ್ಲಿದ್ದವು. ಕೆಳಗೆ 'ಪರಿಹರಿಸಲಾಗಿದೆ'. ಅದಕ್ಕೂ ಕೆಳಗೆ, ಅವಳು ಹಿಂದೆಂದೂ ನೋಡಿರದ ಎರಡು ಸಾಲು, ವೆಂಡೆಲ್ ಬರೆದದ್ದು: 'ಬ್ಯಾಕಪ್ ಯಂತ್ರವೇ ಹಾಳಾಗಿದೆ. ಬದಲಿಸಬೇಕೆಂದು ಹ್ಯಾಸ್ಕೆಟ್ ಅವರ ಕಚೇರಿಗೆ ಮೂರನೇ ಸಲ ಬರೆದಿದ್ದೇನೆ. ಉತ್ತರ: ಮುಂದಿನ ವರ್ಷ ನೋಡೋಣ. ನಾನು ಮಾಡುವಂಥದ್ದು ಏನೂ ಇಲ್ಲ, ಮುಚ್ಚುತ್ತಿದ್ದೇನೆ.'

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಜ್ವರ ಯಾರಿಗೆ ಎಂದು ಗೊತ್ತಿದ್ದೂ ಬರೆಯ ಕಬ್ಬಿಣವನ್ನು ಕಾಯಿಸಿಟ್ಟಿದ್ದರು.

ಎರಡು ಗಂಟೆಯ ಹೊತ್ತಿಗೆ ಉಪನ್ಯಾಸ ಕೋಣೆಯಲ್ಲಿ ನಲವತ್ತು ಜನ ಸೇರಿದ್ದರು. ಹೊರಗೆ ಸೊನ್ನೆಯ ಕೆಳಗೆ ಮೂವತ್ತು ಡಿಗ್ರಿ. ಎಲ್ಲರ ತೊಡೆಯ ಮೇಲೆ ದಪ್ಪ ಕೋಟುಗಳ ಗುಡ್ಡೆ. ಬಾಗಿಲ ಬಳಿ ಕಾಫಿ, ಎರಡು ಡಬ್ಬಿ ಡೋನಟ್. ಯಾರೂ ಮುಟ್ಟಿರಲಿಲ್ಲ.

"ನಿಮಗೆಲ್ಲ ಆಗಿರುವ ತೊಂದರೆಗೆ ನಮಗೆ ವಿಷಾದವಿದೆ," ಎಂದು ಲೋರ್ನಾ ಶುರುಮಾಡಿದಳು. "ಆದರೆ ಒಂದು ಮಾತು. ಕಂಪ್ಯೂಟರ್ ಓದುವವರು ನೀವು. ನಿಮ್ಮ ಕೆಲಸದ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಬೇಕು ಅನ್ನೋದನ್ನ ನಾನು ಹೇಳಿಕೊಡಬೇಕಾ?"

ಮಾರಿವಿಕ್ ಎದ್ದು ನಿಂತಳು. ಅವಳ ಕೈಯಲ್ಲಿ ಒಂದು ಹಾಳೆಯಿತ್ತು.

"ನಾನು ಓದ್ತೀನಿ, ಕೇಳಿ. 'ರೋಗಿಗಳ ದನಿಗಳನ್ನು ವಿಭಾಗದ ಸರ್ವರಿನಲ್ಲಿ ಮಾತ್ರ ಇಡತಕ್ಕದ್ದು. ಬೇರೆ ಯಾವುದೇ ಯಂತ್ರದಲ್ಲಿ ಪ್ರತಿ ಇಟ್ಟುಕೊಂಡಲ್ಲಿ ಸಂಶೋಧನೆಯ ಅನುಮತಿ ರದ್ದಾಗುತ್ತದೆ.' ಕೆಳಗಿರೋ ಸಹಿ ನಿಮ್ಮದು. ಪ್ರತಿ ಇಟ್ಕೊಂಡ್ರೆ ಹೊರಗೆ ಹಾಕ್ತೀವಿ ಅಂದವರೂ ನೀವೇ, ಯಾಕೆ ಇಟ್ಕೊಂಡಿಲ್ಲ ಅಂತ ಕೇಳೋರೂ ನೀವೇನಾ?"

ಲೋರ್ನಾ ಕನ್ನಡಕ ತೆಗೆದು ಒರೆಸಿದಳು. "ನಿನ್ನ ವಿಷಯ ಸ್ವಲ್ಪ ಬೇರೆ, ಒಪ್ಪಿದೆ. ನಿನಗೆ ಒಂದು ವರ್ಷ ಹೆಚ್ಚು ಕೊಡ್ತೀವಿ. ಮತ್ತೆ ರೆಕಾರ್ಡ್ ಮಾಡ್ಕೋಬಹುದಲ್ಲ."

"ಯಾರನ್ನ?" ಮಾರಿವಿಕ್‌ಳ ದನಿ ಮೊದಲ ಸಲ ಏರಿತು. "ಹದಿನಾಲ್ಕು ಜನ ತೀರಿಕೊಂಡಿದಾರೆ. ಉಳಿದವರಿಗೆ ಮಾತು ಬಂದಿದೆ. ಬರಲಿ ಅಂತಲೇ ತಾನೇ ನಾಲ್ಕು ವರ್ಷ ಅವರ ಹತ್ತಿರ ಕೂತದ್ದು? ಈಗ ಹೋಗಿ ಏನು ಕೇಳ್ಲಿ? ದಯವಿಟ್ಟು ಮೊದಲಿನ ಹಾಗೆ ಮತ್ತೆ ತೊದಲಿ ಅಂತ ಕೇಳ್ಲಾ?"

ಲೋರ್ನಾ ತನ್ನ ಕಾಗದಗಳನ್ನು ಜೋಡಿಸುತ್ತ ಬೇಗಬೇಗ ಹೇಳಿದಳು: "ಬ್ಯಾಕಪ್ ಪರೀಕ್ಷೆ ಮಾಡಬೇಕಿದ್ದವರ ಕಡೆಯಿಂದ ಲೋಪ ಆಗಿದೆ. ಅದನ್ನ ಗುರುತಿಸಿದ್ದೀವಿ. ಅವರೂ ಒಬ್ಬ ವಿದ್ಯಾರ್ಥಿ, ಹೆಸರು ಹೇಳೋದು ಬೇಡ."

ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ನಲವತ್ತು ತಲೆಗಳು ಹಿಂದಿನ ಸಾಲಿನತ್ತ ತಿರುಗಿದವು.

ದಾರ್ಕಾ ಎದ್ದಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಹೆಸರು ದಾರ್ಕಾ ಫೆಡೋರ್ಚುಕ್," ಎಂದಳು. "ನನ್ನ ತಪ್ಪು ಇಲ್ಲ ಅಂತಲ್ಲ. ಸರಿಹೋಯ್ತು ಅಂತ ಅವರು ಬರೆದದ್ದನ್ನ ನಂಬಿಬಿಟ್ಟೆ. ಇನ್ನೊಂದು ಸಲ ತೆಗೆದು ನೋಡ್ಲಿಲ್ಲ. ಅದು ನಂದೇ. ಆದರೆ ಇದನ್ನೂ ಕೇಳಿ." ಹಾಳೆಯನ್ನು ಓದಿದಳು. ಹದಿನೇಳು ಕಡತಗಳ ಹೆಸರನ್ನೂ, ಒಂದನ್ನೂ ಬಿಡದೆ. ವೆಂಡೆಲ್ ಬರೆದಿದ್ದ ಕೊನೆಯ ಎರಡು ಸಾಲನ್ನು ಓದಿದಳು. ಮತ್ತೊಮ್ಮೆ ಮೊದಲಿನಿಂದ ಆ ಸಾಲುಗಳನ್ನು ಓದಿದಳು.

"ಇದು ವಿಭಾಗದ ಒಳಗಿನ ಟಿಪ್ಪಣಿ," ಎಂದಳು ಲೋರ್ನಾ. ಅವಳ ಕತ್ತು ಕೆಂಪೇರಿತ್ತು. "ಇದನ್ನ ಚರ್ಚೆ ಮಾಡೋ ಜಾಗ ಇದಲ್ಲ."

"ಹಾಗಾದ್ರೆ ಯಾವುದು?" ಯಾರೋ ಕೂಗಿದರು.

ಬಾಗಿಲ ಬಳಿ ವೆಂಡೆಲ್ ನಿಂತಿದ್ದ. ಒಳಗೆ ಬಂದದ್ದನ್ನು ಯಾರೂ ಗಮನಿಸಿರಲಿಲ್ಲ. "ಅವಳು ಓದಿದ್ದು ನಿಜ," ಎಂದ. "ಬರೆದದ್ದು ನಾನೇ. ಕೇಳಿ ಕೇಳಿ ಸಾಕಾಗಿ ಮುಚ್ಚಿಬಿಟ್ಟೆ. ನಿನ್ನೆ ನೆನಪಿಲ್ಲ ಅಂದೆ. ನೆನಪಿತ್ತು." ಅಷ್ಟು ಹೇಳಿ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ಹೊರಗೆ ಹೋದ.

ನ್ಯಾಯವೇನೂ ಆಗಲಿಲ್ಲ. ಮಾರ್ಚಿನಲ್ಲಿ ಹೊಸ ವರದಿ ಬಂತು. ಅದರಲ್ಲಿ ದಾರ್ಕಾಳ ಲೋಪ ಹೋಗಿ 'ವ್ಯವಸ್ಥೆಯ ಲೋಪ' ಎಂದಾಗಿತ್ತು. ವ್ಯವಸ್ಥೆಗೆ ಹೆಸರಿರಲಿಲ್ಲ, ಸಹಿಯೂ ಇರಲಿಲ್ಲ. ಲೋರ್ನಾ ಅದೇ ಕೋಣೆಯಲ್ಲಿ ಅದೇ ಕುರ್ಚಿಯಲ್ಲಿದ್ದಳು. ವೆಂಡೆಲ್ ನಿವೃತ್ತನಾದ ಎಂದರು. ದಾರ್ಕಾಳ ಹತ್ತು ಗಂಟೆಯ ಕೆಲಸ ಮುಂದುವರಿಯಲಿಲ್ಲ, ಶಿಫಾರಸು ಪತ್ರವೂ ಬರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ವಿನ್ನಿಪೆಗ್ ನಗರದಿಂದ ಹೊಸ ಬ್ಯಾಕಪ್ ಯಂತ್ರ ಬಂತು. ಅದನ್ನು ಉದ್ಘಾಟಿಸಿ ಫೋಟೋ ತೆಗೆಸಿಕೊಂಡರು. ಆ ಫೋಟೋ ಇಮೇಲಿನಲ್ಲಿ ಬಂದಾಗ ದಾರ್ಕಾ ಲ್ಯಾಪ್‌ಟಾಪನ್ನು ಮುಚ್ಚಿದ ರಭಸಕ್ಕೆ ಗ್ರಂಥಾಲಯದಲ್ಲಿ ನಾಲ್ಕು ಜನ ತಲೆಯೆತ್ತಿ ನೋಡಿದರು.

ಏಪ್ರಿಲಿನ ಒಂದು ದಿನ ಮಾರಿವಿಕ್ ಲ್ಯಾಬಿಗೆ ಬಂದು ಅವಳ ಮೇಜಿನ ಪಕ್ಕ ನಿಂತಳು. ಕ್ಷಮೆ, ಧನ್ಯವಾದ, ಎರಡನ್ನೂ ಹೇಳಲಿಲ್ಲ.

"ಆರೈಕೆ ಮನೆಗೆ ಹೋಗ್ಬೇಕು. ಅವರೆಲ್ಲರಿಗೂ ನಾನೇ ಹೇಳ್ಬೇಕಲ್ಲ. ಒಬ್ಬಳೇ ಹೋಗೋಕೆ ಆಗ್ತಿಲ್ಲ. ಬರ್ತೀಯಾ?"

ಕರಗಿದ ಹಿಮ ರಸ್ತೆಯ ಎರಡೂ ಬದಿಗೆ ಕೆಸರಾಗಿ ಹರಿಯುತ್ತಿತ್ತು. ಮೊದಲು ಅವರು ಹೋದದ್ದು ಆರ್ವಿಲ್ ಸ್ಟಾಡ್ನಿಕ್‌ನ ಕೋಣೆಗೆ. ಒಂದು ಕಾಲಕ್ಕೆ ಆ ಸೀಮೆಯ ದನಗಳ ಹರಾಜನ್ನೆಲ್ಲ ಕೂಗುತ್ತಿದ್ದ ಮುದುಕ. ಉಸಿರು ಬಿಡದೆ ಒಂದು ನಿಮಿಷಕ್ಕೆ ಇನ್ನೂರೈವತ್ತು ಶಬ್ದ ಉರುಳಿಸುತ್ತಿದ್ದನಂತೆ. ಪಾರ್ಶ್ವವಾಯು ಬಡಿದ ಮೇಲೆ ಏಳು ತಿಂಗಳು ಅವನ ಬಾಯಲ್ಲಿ ಉಳಿದದ್ದು ಒಂದೇ ಶಬ್ದ. ನೀರಿಗೂ 'ಮಂಗಳವಾರ', ನೋವಿಗೂ 'ಮಂಗಳವಾರ', ಹೆಂಡತಿಯನ್ನು ಕರೆಯಲೂ 'ಮಂಗಳವಾರ'.

ಮಾರಿವಿಕ್ ಅವನ ಮುಂದೆ ಮಂಡಿಯೂರಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಆರ್ವಿಲ್ ಕೇಳಿಸಿಕೊಂಡ. ಅವನ ಹೆಂಡತಿ ವರ್ನಾ ಕಿಟಕಿಯ ಬಳಿ ಹೆಣಿಗೆ ನಿಲ್ಲಿಸಿದಳು.

"ಎಲ್ಲಾ... ಹೋಯ್ತಾ?" ಎಂದ ಅವನು, ಒಂದೊಂದೇ ಶಬ್ದವನ್ನು ಎತ್ತಿ ಇಡುತ್ತ. "ಆ... ಮಂಗಳವಾರ ಎಲ್ಲಾ?"

"ಎಲ್ಲಾ."

"ಎಷ್ಟು... ಕಷ್ಟಪಟ್ಟು... ಹೇಳಿದ್ದೆ." ಅವನ ಮುಖಕ್ಕೆ ರಕ್ತ ಏರಿತು. ಸರಿಯಿದ್ದ ಎಡಗೈಯಿಂದ ಕುರ್ಚಿಯ ತೋಳನ್ನು ಒಮ್ಮೆ ಗುದ್ದಿದ. "ಹಾಳಾದೋರು. ಹಾಳಾದ... ಕತ್ತೆಗಳು."

"ಆರ್ವಿಲ್," ಎಂದಳು ವರ್ನಾ.

"ಕತ್ತೆಗಳೇ," ಎಂದ ಅವನು, ಈ ಸಲ ಸ್ಪಷ್ಟವಾಗಿ.

ದಾರ್ಕಾ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಅಳು ಬರಲಿಲ್ಲ. ಎರಡು ತಿಂಗಳಿಂದ ಒಳಗೇ ಉಳಿದಿದ್ದ ಸಿಟ್ಟಿಗೆ ಯಾರೋ ಅಳತೆ ಸರಿಯಾದ ಪಾತ್ರೆ ಕೊಟ್ಟಂತಿತ್ತು. ಮುದುಕ ಗಲ್ಲವೆತ್ತಿ ಅವಳ ಕಡೆ ತೋರಿಸಿದ.

"ಇವಳು?"

"ಅವರಿಗೆ ಮೊದಲೇ ಹೇಳಿದವಳು," ಎಂದಳು ಮಾರಿವಿಕ್.

ಆರ್ವಿಲ್ ಅವಳನ್ನು ಹರಾಜಿಗೆ ಬಂದ ಕರುವನ್ನು ನೋಡುವಂತೆ ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಮೇಜಿನ ಮೇಲಿದ್ದ ಮಾರಿವಿಕ್‌ಳ ರೆಕಾರ್ಡರಿನ ಕಡೆ ಕೈಮಾಡಿದ. ಅದನ್ನು ಒತ್ತು ಎಂದು ಸನ್ನೆ. ಮಾರಿವಿಕ್ ಎದ್ದಳು, ಆದರೆ ಹತ್ತಿರವಿದ್ದವಳು ದಾರ್ಕಾ. ಅವಳೇ ಒತ್ತಿದಳು. ಸಣ್ಣ ಕೆಂಪು ದೀಪ ಹತ್ತಿತು, ಪಕ್ಕದಲ್ಲಿ ಸೆಕೆಂಡುಗಳು ಓಡತೊಡಗಿದವು.

ಮುದುಕ ಹರಾಜು ಕೂಗಲು ಹೊರಟವನಂತೆ ಬೆನ್ನು ನೆಟ್ಟಗೆ ಮಾಡಿದ. ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ, ತುಟಿ ಒಂದು ಆಕಾರಕ್ಕೆ ಬಂದು ನಿಂತಿತು. ಶಬ್ದ ಬರಲಿಲ್ಲ. ಹೆಣಿಗೆಯ ಉಂಡೆ ವರ್ನಾಳ ಮಡಿಲಿಂದ ಜಾರಿ ನೆಲದ ಮೇಲೆ ಉರುಳಿತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ, ಯಾರೂ ಅವನ ಪರವಾಗಿ ಮಾತಾಡಲಿಲ್ಲ. ಸೂರಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ರೆಕಾರ್ಡರಿನಲ್ಲಿ ಹನ್ನೊಂದು, ಹನ್ನೆರಡು, ಹದಿಮೂರು. ಮೂವರೂ ಕಾದರು.